ಧ್ರುವದ ನೀರಿನ ಲೆಕ್ಕ, ಕೋಲಾರದ ಟೊಮೆಟೊ

ದಕ್ಷಿಣ ಧ್ರುವದ ಅಮಂಡ್‌ಸನ್-ಸ್ಕಾಟ್ ಸಂಶೋಧನಾ ಕೇಂದ್ರದಲ್ಲಿ ಇರುವವರ ಕಾಲಡಿ ಸುಮಾರು 2,700 ಮೀಟರ್ ದಪ್ಪದ ಮಂಜುಗಡ್ಡೆ ಇದೆ. ಆದರೂ ಅವರಿಗೆ ಸ್ನಾನ ವಾರಕ್ಕೆ ಎರಡೇ ಸಲ, ಸಲಕ್ಕೆ ಎರಡೇ ನಿಮಿಷ ನೀರು. ಮಂಜು ಕರಗಲು ಶಾಖ ಬೇಕು, ಶಾಖಕ್ಕೆ ಇಂಧನ ಬೇಕು. ಆ ಇಂಧನ ಕರಾವಳಿಯ ಮ್ಯಾಕ್‌ಮರ್ಡೊ ನೆಲೆಯಿಂದ ಹಿಮದ ಮೇಲೆ ಸಾಗುವ ಟ್ರ್ಯಾಕ್ಟರ್ ಸಾಲಿನಲ್ಲೋ ಜಾರುಹಲಗೆ ಕಟ್ಟಿದ ಹರ್ಕ್ಯುಲಿಸ್ ವಿಮಾನದಲ್ಲೋ ಬರಬೇಕು. ಫೆಬ್ರುವರಿ ಮಧ್ಯದಲ್ಲಿ ಕೊನೆಯ ವಿಮಾನ ಹೊರಟರೆ ಮುಂದಿನದಕ್ಕೆ ಅಕ್ಟೋಬರ್ ಕೊನೆಯವರೆಗೆ ಕಾಯಬೇಕು. 1999ರಲ್ಲಿ ಅಲ್ಲಿನ ವೈದ್ಯೆಗೇ ಸ್ತನ ಕ್ಯಾನ್ಸರ್ ಬಂದಾಗ ಜುಲೈ ತಿಂಗಳ ಕತ್ತಲಲ್ಲಿ ಔಷಧವನ್ನು ವಿಮಾನದಿಂದ ಕೆಳಗೆ ಬೀಳಿಸಿದರು. ಅವರನ್ನು ಕರೆತರಲು ಆದದ್ದು ಅಕ್ಟೋಬರಿನಲ್ಲಿ.

ನಾನಿರುವ ಕ್ರೈಸ್ಟ್‌ಚರ್ಚ್‌ನಿಂದಲೇ ಅಮೆರಿಕದವರೂ ನ್ಯೂಜಿಲೆಂಡಿನವರೂ ಅಂಟಾರ್ಕ್ಟಿಕಕ್ಕೆ ಹಾರುತ್ತಾರೆ. ಅರ್ಧ ದಾರಿಗೆ ಹೋಗಿ, ಹವಾಮಾನ ಕೆಟ್ಟು ಹಿಂತಿರುಗಿದ ವಿಮಾನದ ಸುದ್ದಿ ಇಲ್ಲಿ ಯಾರಿಗೂ ಹೊಸದಲ್ಲ. ಧ್ರುವದಲ್ಲಿ ಒಂದು ಚಳಿಗಾಲ ಕಳೆದು ಬಂದ ಪರಿಚಯಸ್ಥರೊಬ್ಬರು ಏನೇ ಮಾತು ಎತ್ತಿದರೂ ಕೊನೆಗೆ ತರಕಾರಿಗೇ ಬಂದು ನಿಲ್ಲುತ್ತಾರೆ. ಕೇಂದ್ರದೊಳಗೆ ಒಂದು ಪುಟ್ಟ ಕೋಣೆಯಿದೆ. ಮಣ್ಣಿಲ್ಲದೆ, ಪೋಷಕಾಂಶ ಬೆರೆಸಿದ ನೀರಿನಲ್ಲಿ, ದೀಪದ ಬೆಳಕಿನಲ್ಲಿ ಸೊಪ್ಪು, ಸೌತೆ, ಟೊಮೆಟೊ ಬೆಳೆಯುತ್ತಾರೆ. ಪಕ್ಕದಲ್ಲೊಂದು ಸೋಫಾ. ಸೂರ್ಯ ಮೂಡದ ತಿಂಗಳುಗಳಲ್ಲಿ ಜನ ಸುಮ್ಮನೆ ಹೋಗಿ ಹಸಿರಿನ ವಾಸನೆಗಾಗಿ ಅಲ್ಲಿ ಕುಳಿತಿರುತ್ತಾರಂತೆ. ತಟ್ಟೆಗೆ ಎರಡು ಹೋಳು ಟೊಮೆಟೊ ಬಿದ್ದರೆ ಅಂದು ಹಬ್ಬ.

ನಾನು ಕೋಲಾರದ ಟೊಮೆಟೊ ಬೆಳೆಗಾರರ ಮನೆಯವನು. ನಮ್ಮ ಎಪಿಎಂಸಿಯಲ್ಲಿ 2023ರ ಜುಲೈನಲ್ಲಿ 15 ಕಿಲೋ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದ ವರ್ಷ ಬಿಡಿಸಿದ ಕೂಲಿಯೂ ಗಿಟ್ಟದೆ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿಯುತ್ತೇವೆ. ಸುರಿದವನ ಹೊಟ್ಟೆ ಉರಿ ನನಗೆ ಗೊತ್ತು, ಅವನನ್ನು ದೂರಲಾರೆ. ಆದರೆ ಟೊಮೆಟೊ ತೂಕದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಭಾಗ ನೀರೇ. ಜೀವನದಿಯಿಲ್ಲದ ಜಿಲ್ಲೆಯಲ್ಲಿ, ಸಾವಿರ ಅಡಿಗಿಂತ ಆಳದಿಂದ ಮೇಲೆತ್ತಿದ ನೀರು ಅದು.

ಧ್ರುವದಲ್ಲಿ ನೀರಿನ ಲೆಕ್ಕ ಎಲ್ಲರದ್ದು. ನಮ್ಮಲ್ಲಿ ಕೊಳವೆಬಾವಿ ಅವರವರದ್ದು, ಪಕ್ಕದ ಹೊಲದ ಬಾವಿ ಎಷ್ಟು ಆಳ ಹೋಗಿದೆ ಎಂಬುದು ನಮ್ಮದು ಬತ್ತಿದ ಮೇಲೆ ತಿಳಿಯುತ್ತದೆ. ಹಿಂದೆ ಹೀಗಿರಲಿಲ್ಲ. ಅವಿಭಜಿತ ಕೋಲಾರ ಜಿಲ್ಲೆಯ ಕೆರೆಗಳಿಗೆ ನೀರುಗಂಟಿಗಳಿದ್ದರು. ಕೆರೆಯಲ್ಲಿ ನಿಂತ ನೀರು ನೋಡಿ ಈ ಸಲ ಭತ್ತವೋ ರಾಗಿಯೋ ಎಂದು ಊರು ತೀರ್ಮಾನಿಸುತ್ತಿತ್ತು. ನೀರುಗಂಟಿ ತೂಬು ಎತ್ತಿ, ಸರದಿಯಂತೆ ಗದ್ದೆಗೆ ನೀರು ಬಿಡುತ್ತಿದ್ದ. ಕೊಳವೆಬಾವಿ ಬಂದಿತು, ಕೆರೆ ಹೂಳು ತುಂಬಿತು, ಅವನಿಗೆ ಕೆಲಸವಿಲ್ಲದಾಯಿತು.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ, ಎರಡು ಹಂತ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಅದನ್ನು ಮೂರನೇ ಹಂತದವರೆಗೆ ಶುದ್ಧೀಕರಿಸಿ ಎಂಬ ರೈತರ ಒತ್ತಾಯ ನ್ಯಾಯವಾದದ್ದೇ. ಆದರೆ ಕೆರೆ ತುಂಬಿತೆಂದು ಮತ್ತೆರಡು ಬಾವಿ ಕೊರೆಸುವುದಾದರೆ ಯಾವ ನೀರು ಬಂದರೂ ಸಾಲದು. ಅಂತರ್ಜಲ ಉಳಿಸಲು ಕೇಂದ್ರ ಸರ್ಕಾರ ತಂದ ಅಟಲ್ ಭೂಜಲ ಯೋಜನೆಯಡಿ ಗ್ರಾಮ ಪಂಚಾಯಿತಿಗಳು ನೀರಿನ ಆಯವ್ಯಯ ಬರೆಯಲು ತೊಡಗಿದವು. ಆ ಲೆಕ್ಕ ಕಡತದಲ್ಲಿ ಉಳಿಯದೆ ಹಾಲಿನ ಡೇರಿಯ ಗೋಡೆಯ ಮೇಲೆ ಬರಬೇಕು. ಕ್ಯಾನ್ ಹಿಡಿದು ದಿನಕ್ಕೆರಡು ಸಲ ಊರೆಲ್ಲ ಅಲ್ಲಿಗೇ ಬರುತ್ತದೆ. ಎಷ್ಟು ಎಕರೆ ಟೊಮೆಟೊ ಎಂಬುದನ್ನು ನಾಟಿಗೆ ಮೊದಲು ಗ್ರಾಮಸಭೆ ಮಾತನಾಡಲಿ.

ನೀರುಗಂಟಿಯೂ ಮರಳಿ ಬರಲಿ, ಹಳೆಯ ರೀತಿಯಲ್ಲಿ ಮಾತ್ರ ಬೇಡ. ಆ ಕೆಲಸ ಬಹುಪಾಲು ದಲಿತ ಕುಟುಂಬಗಳ ಹೆಗಲ ಮೇಲಿತ್ತು, ಕೂಲಿ ಸುಗ್ಗಿಯ ಕಾಳಿನಲ್ಲಿ ಸಿಗುತ್ತಿತ್ತು. ಈಗ ಅದು ತಿಂಗಳ ಸಂಬಳದ, ಯಾವ ಜಾತಿಯವರೂ ಹೆಣ್ಣುಮಕ್ಕಳೂ ಸೇರಬಹುದಾದ ಪಂಚಾಯಿತಿ ಹುದ್ದೆಯಾಗಬೇಕು. ಬಾವಿಗಳ ಮಟ್ಟ ಅಳೆಯುವ ಅಧಿಕಾರವೂ ಅವರಿಗಿರಬೇಕು.