ಹಗಲು ಫ್ಲಾರೆನ್ಸ್ ನೋಡಿ, ರಾತ್ರಿಗೆ ಸಿಯೆನಾಕ್ಕೆ ಬನ್ನಿ

ಇಟಲಿಗೆ ಹೊರಡುವ ಗಂಡ ಹೆಂಡತಿಯರ ಪ್ಲಾನ್ ಹೆಚ್ಚಾಗಿ ಒಂದೇ ಅಚ್ಚಿನದು. ರೋಮ್ ಎರಡು ರಾತ್ರಿ, ಫ್ಲಾರೆನ್ಸ್ ಎರಡು, ವೆನಿಸ್ ಎರಡು, ಮಿಲಾನ್ ಒಂದು. ಸಿಯೆನಾ, ಒರ್ವಿಯೆತೊ, ಸಾನ್ ಜಿಮಿನ್ಯಾನೊದಂಥ ಹಳೆಯ ಊರುಗಳಿಗೆ ನಡುವೆ ಮೂರು ಮೂರು ಗಂಟೆ ಸಿಕ್ಕರೆ ಹೆಚ್ಚು. ಇದನ್ನು ಉಲ್ಟಾ ಮಾಡಿ ಎಂದು ಎಲ್ಲರಿಗೂ ಹೇಳಬೇಕೆನಿಸುತ್ತದೆ. ಈ ಪುಟ್ಟ ಊರುಗಳಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಬಸ್ಸಿನಲ್ಲಿ ಬಂದುಹೋಗುವವರದೇ ಗದ್ದಲ. ಇಳಿಬಿಸಿಲಿಗೆ ಇಟ್ಟಿಗೆ ಗೋಡೆ ಕೆಂಪಾಗುವುದು, ಊರಿನವರು ಮಕ್ಕಳುಮರಿ ಕಟ್ಟಿಕೊಂಡು ಬೀದಿಯಲ್ಲಿ ಅಡ್ಡಾಡುವುದು ಅವರೆಲ್ಲ ಹೋದ ಮೇಲೆ. ಇಬ್ಬರೇ ಹೋದ ಪ್ರವಾಸದಲ್ಲಿ ಕೈತಪ್ಪಬಾರದ್ದು ಆ ಹೊತ್ತು. ದೊಡ್ಡ ಊರು ಹಗಲಿಗೆ, ಸಣ್ಣ ಊರು ರಾತ್ರಿಗೆ.

ಒಂಬತ್ತು ರಾತ್ರಿ ಇದ್ದರೆ ಒರ್ವಿಯೆತೊದಲ್ಲಿ 2, ಸಿಯೆನಾದಲ್ಲಿ 3, ಬೊಲೊನ್ಯಾದಲ್ಲಿ 4. ಮೂರೇ ಹೋಟೆಲು. ಹೋಟೆಲು ಬದಲಿಸಿದ ದಿನವೆಲ್ಲ ಅರ್ಧ ದಿನ ಲಗೇಜಿಗೇ ಹೋಗುತ್ತದೆ. ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ರೂಮು ಖಾಲಿ ಮಾಡಬೇಕು, ಮುಂದಿನ ಊರಿನಲ್ಲಿ ಮಧ್ಯಾಹ್ನ ಎರಡು ಮೂರರ ತನಕ ರೂಮು ಕೊಡುವುದಿಲ್ಲ.

ಒರ್ವಿಯೆತೊ ರೋಮಿನಿಂದ ರೈಲಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸು. ಸ್ಟೇಷನ್ ಕೆಳಗಿದೆ, ಊರು ಬಂಡೆಯ ನೆತ್ತಿಯ ಮೇಲೆ. ಸ್ಟೇಷನ್ ಎದುರಿನಿಂದಲೇ ಹಗ್ಗದಿಂದ ಎಳೆಯುವ ಫ್ಯುನಿಕ್ಯುಲರ್ ಗಾಡಿ ಹತ್ತಿಸುತ್ತದೆ. ಅದು ಬಿಡುವ ಜಾಗದ ಪಕ್ಕದಲ್ಲೇ ಸಂತ ಪ್ಯಾಟ್ರಿಕ್‌ನ ಬಾವಿ. 1527ರಲ್ಲಿ ರೋಮ್ ಲೂಟಿಯಾದಾಗ ಪೋಪ್ ಏಳನೆಯ ಕ್ಲೆಮೆಂಟ್ ಇಲ್ಲಿ ಆಶ್ರಯ ಪಡೆದ, ಮುತ್ತಿಗೆ ಬಿದ್ದರೆ ನೀರಿರಲಿ ಎಂದು ತೋಡಿಸಿದ. ಆಳ 53 ಮೀಟರಿನಷ್ಟು, ಮೆಟ್ಟಿಲು 248. ಇಳಿಯಲು ಒಂದು ಸುತ್ತು ಮೆಟ್ಟಿಲು, ಹತ್ತಲು ಇನ್ನೊಂದು. ಎರಡೂ ಒಂದನ್ನೊಂದು ಸಂಧಿಸುವುದಿಲ್ಲ. ನೀರು ಹೊರುವ ಹೇಸರಗತ್ತೆಗಳು ಎದುರಾಬದುರಾಗಿ ಸಿಕ್ಕಿಕೊಳ್ಳಬಾರದೆಂಬ ಲೆಕ್ಕ. ಒಳಗೆ ತಂಪು, ಬೇಸಿಗೆಯಲ್ಲೂ ಒಂದು ಶಾಲು ಇರಲಿ.

ಅಲ್ಲಿಂದ ಸಿಯೆನಾಕ್ಕೆ ಕಿಯೂಸಿಯಲ್ಲಿ ರೈಲು ಬದಲಿಸಬೇಕು. ಜನ ಎಡವುವುದು ಸಿಯೆನಾ ಸ್ಟೇಷನ್ನಿನಲ್ಲಿ. ಅದೂ ತಗ್ಗಿನಲ್ಲೇ ಇದೆ. ಟ್ರಾಲಿ ಬ್ಯಾಗ್ ಎಳೆದುಕೊಂಡು ರಸ್ತೆಯಲ್ಲಿ ಏರು ಹತ್ತಲು ಹೋಗಬೇಡಿ. ಸ್ಟೇಷನ್ ಎದುರಿನ ಶಾಪಿಂಗ್ ಕಾಂಪ್ಲೆಕ್ಸ್ ಹೊಕ್ಕರೆ ಒಂದರ ಮೇಲೊಂದು ಎಸ್ಕಲೇಟರ್‌ಗಳು ಹಳೇ ಊರಿನ ಕಮೊಲ್ಲಿಯಾ ಕೋಟೆಬಾಗಿಲಿನ ಹತ್ತಿರಕ್ಕೆ ತಲುಪಿಸುತ್ತವೆ. ಫ್ಲಾರೆನ್ಸಿಗೆ ಹೋಗಿಬರಲು ಮಾತ್ರ ಬಸ್ಸೇ ಒಳ್ಳೆಯದು, ಅದು ಹಳೇ ಊರಿನ ಅಂಚಿಗೇ ತಂದು ಬಿಡುತ್ತದೆ. ಸಾನ್ ಜಿಮಿನ್ಯಾನೊಗೆ ರೈಲೇ ಇಲ್ಲ, ಪೊಜ್ಜಿಬೋನ್ಸಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ಭಾನುವಾರ ಬಸ್ಸುಗಳು ಕಮ್ಮಿ, ಹಿಂದಿನ ದಿನವೇ ವೇಳೆ ನೋಡಿಕೊಳ್ಳಿ.

ಸಿಯೆನಾದ ಕಂಪೊ ಚೌಕ ಚಿಪ್ಪಿನಾಕಾರದ್ದು, ಇಟ್ಟಿಗೆ ನೆಲ ಒಂಬತ್ತು ಪಾಲಾಗಿದೆ. ಊರನ್ನಾಳಿದ ಒಂಬತ್ತು ಜನರ ಮಂಡಳಿಯ ಗುರುತು. ರಾತ್ರಿ ಊಟವಾದ ಮೇಲೆ ಆ ಇಳಿಜಾರಿನಲ್ಲಿ ಬರಿನೆಲದ ಮೇಲೆ ಕೂತುಕೊಳ್ಳುವುದಕ್ಕೆ ಕಾಸು ಬೇಕಿಲ್ಲ. ಜುಲೈ 2 ಮತ್ತು ಆಗಸ್ಟ್ 16ರಂದು ಇಲ್ಲೇ ಪಾಲಿಯೊ ಕುದುರೆ ಓಟ. ಆ ದಿನಗಳ ಆಚೀಚೆ ರೂಮು ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ದೊಡ್ಡ ಚರ್ಚಿನ ಅಮೃತಶಿಲೆಯ ಚಿತ್ರನೆಲದ ಬಹುಭಾಗವನ್ನು ವರ್ಷದ ಹೆಚ್ಚು ದಿನ ಮುಚ್ಚಿಟ್ಟಿರುತ್ತಾರೆ. ಬೇಸಿಗೆಯಿಂದ ಅಕ್ಟೋಬರ್ ನಡುವೆ ಕೆಲವು ವಾರ ಮಾತ್ರ ತೆರೆಯುತ್ತಾರೆ, ಆ ವರ್ಷದ ತಾರೀಖು ನೋಡಿಕೊಂಡೇ ಟಿಕೆಟ್ ಮಾಡಿಸಿ. ಮಂಡಿನೋವು ಇರುವವರು ಸಿಯೆನಾ ಬಿಟ್ಟು ಲುಕ್ಕಾದಲ್ಲಿ ತಂಗಲಿ. ಊರು ಪೂರ್ತಿ ಸಮತಟ್ಟು. ಸುತ್ತಲಿನ ಕೋಟೆಗೋಡೆ ನಾಲ್ಕು ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದ, ಅದರ ನೆತ್ತಿಯ ಮೇಲೆ ಸಾಲುಮರದ ನೆರಳಿನಲ್ಲಿ ಬಾಡಿಗೆ ಸೈಕಲ್ ತುಳಿಯಬಹುದು. ಇಬ್ಬರು ತುಳಿಯುವ ಸೈಕಲ್ಲೂ ಸಿಗುತ್ತದೆ.

ಕಾರು ಬಾಡಿಗೆಗೆ ತೆಗೆದುಕೊಳ್ಳುವ ಆಸೆಯಾದರೆ ಝಡ್‌ಟಿಎಲ್ ಎಂಬ ಮೂರಕ್ಷರ ಮರೆಯಬೇಡಿ. ಹಳೇ ಊರುಗಳ ಒಳಗೆ ಹೊರಗಿನವರ ಗಾಡಿಗೆ ನಿಷೇಧ. ಗೇಟು ಇರುವುದಿಲ್ಲ, ಪೊಲೀಸರು ನಿಲ್ಲಿಸುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ. ದಾರಿ ತಪ್ಪಿ ಮೂರು ಸಲ ಹೊಕ್ಕರೆ ಮೂರು ದಂಡ. ನೋಟಿಸು ಊರಿಗೆ ಮರಳಿದ ಎಷ್ಟೋ ತಿಂಗಳ ಮೇಲೆ ಬರುತ್ತದೆ, ನಿಮ್ಮ ವಿಳಾಸ ಕೊಟ್ಟದ್ದಕ್ಕೆ ಬಾಡಿಗೆ ಕಂಪನಿ ಬೇರೆ ಶುಲ್ಕ ಹಾಕುತ್ತದೆ. ಈ ಮಾರ್ಗಕ್ಕೆ ಕಾರು ಬೇಡವೇ ಬೇಡ.

ರೈಲಿನ ಮಾತು. ಲೋಕಲ್ ರೈಲಿಗೆ, ಅಂದರೆ ರೆಜೊನಾಲೆಗೆ, ಮುಂಗಡ ಬುಕಿಂಗಿನ ಲಾಭವಿಲ್ಲ. ಇಂದು ಕೊಂಡರೂ ತಿಂಗಳ ಹಿಂದೆ ಕೊಂಡರೂ ಒಂದೇ ದರ. ಫ್ರೆಚ್ಚಾರೊಸ್ಸಾ, ಇತಾಲೊದಂಥ ವೇಗದ ರೈಲಿಗೆ ಮಾತ್ರ ಮೊದಲೇ ಕೊಂಡಷ್ಟು ಅಗ್ಗ. ಲೋಕಲ್ ರೈಲಿನ ಕಾಗದದ ಟಿಕೆಟ್ಟನ್ನು ಹತ್ತುವ ಮುಂಚೆ ಸ್ಟೇಷನ್ನಿನ ಪುಟ್ಟ ಯಂತ್ರಕ್ಕೆ ತುರುಕಿ ಮುದ್ರೆ ಒತ್ತಿಸಲೇಬೇಕು. ಮೊಬೈಲ್ ಟಿಕೆಟ್ಟಾದರೆ ಹತ್ತುವ ಮೊದಲು ಚೆಕ್ ಇನ್ ಒತ್ತಬೇಕು. ಕಾಸು ಕೊಟ್ಟು ಟಿಕೆಟ್ ಕೊಂಡವರೂ ದಂಡ ಕಟ್ಟುವುದು ಇದೊಂದನ್ನು ಮರೆತು. ಬೋರ್ಡಿನಲ್ಲಿ ರೈಲಿನ ಕೊನೆಯ ಊರಿನ ಹೆಸರೇ ಎದ್ದು ಕಾಣುವುದು. ಲುಕ್ಕಾ ರೈಲಿಗೆ ವಿಯರೆಜ್ಜೊ ಎಂದು, ರವೆನ್ನಾ ರೈಲಿಗೆ ರಿಮಿನಿ ಎಂದು ಬರೆದಿರಬಹುದು. ಆದ್ದರಿಂದ ರೈಲಿನ ನಂಬರ್ ನೋಡಿ. ಗೋಡೆಗೆ ಅಂಟಿಸಿದ ಹಳದಿ ಹಾಳೆ ಹೊರಡುವ ರೈಲುಗಳದ್ದು, ಬಿಳಿ ಹಾಳೆ ಬರುವ ರೈಲುಗಳದ್ದು.

ಊಟಕ್ಕೆ ಬರೋಣ. ಸಸ್ಯಾಹಾರಿಗಳು ಪಿಜ್ಜಾ ಒಂದನ್ನೇ ನೆಚ್ಚಿಕೊಳ್ಳಬೇಕಿಲ್ಲ. ಸಿಯೆನಾದ ಪೀಚಿ ಎಂಬ ಪಾಸ್ತಾ ಹಿಟ್ಟು, ನೀರಿನಲ್ಲಿ ಹೊಸೆದ ದಪ್ಪ ಶಾವಿಗೆಯಂಥದ್ದು; ಬೆಳ್ಳುಳ್ಳಿ ಟೊಮೇಟೊ ಸಾಸಿನ ಪೀಚಿ ಅಲ್ಯೋನೆ ಕೇಳಿ. ಲುಕ್ಕಾ ಕಡೆಯ ಚೆಚೀನಾ ಎಂಬ ರೊಟ್ಟಿಗೆ ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಅಷ್ಟೇ, ನಮ್ಮ ನಾಲಿಗೆಗೆ ಥಟ್ಟನೆ ಹಿಡಿಸುತ್ತದೆ. ಸಿಯೆನಾ, ಲುಕ್ಕಾ ಇರುವ ಟಸ್ಕನಿ ಪ್ರಾಂತ್ಯದ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಹಾಳಾಗಿದೆ ಅಂದುಕೊಳ್ಳಬೇಡಿ. ಬೊಲೊನ್ಯಾ ಕಡೆ ಎಚ್ಚರ ಬೇಕು: ಅಲ್ಲಿನ ತಾಜಾ ಪಾಸ್ತಾದಲ್ಲಿ ಮೊಟ್ಟೆ, ಪಿಯಾದೀನಾ ರೊಟ್ಟಿಯಲ್ಲಿ ಹಲವು ಕಡೆ ಹಂದಿಕೊಬ್ಬು. ‘ಸೆನ್ಜಾ ಸ್ತ್ರುತ್ತೊ’ ಎಂದರೆ ಕೊಬ್ಬಿಲ್ಲದ್ದು. ತರಕಾರಿ ಸೂಪಿಗೂ ಮಾಂಸದ ಸಾರು ಹಾಕಿರಬಹುದು, ‘ಸೆನ್ಜಾ ಬ್ರೋದೊ ದಿ ಕಾರ್ನೆ’ ಎಂದು ಕೇಳಿ. ಪಾರ್ಮಿಜಾನೊ ಚೀಸಿಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ, ಕಟ್ಟುನಿಟ್ಟಿನವರಿಗೆ ಅದು ಗೊತ್ತಿರಲಿ. ಅಡುಗೆಮನೆಗಳು ಮಧ್ಯಾಹ್ನ ಎರಡೂವರೆಗೆ ಮುಚ್ಚಿದರೆ ಮತ್ತೆ ತೆರೆಯುವುದು ರಾತ್ರಿ ಏಳೂವರೆಗೆ. ಬಹಳ ಚರ್ಚುಗಳೂ ಹನ್ನೆರಡೂವರೆಯಿಂದ ಮೂರರವರೆಗೆ ಬಾಗಿಲು ಹಾಕುತ್ತವೆ. ಆ ಹೊತ್ತಿಗೇ ಊಟಕ್ಕೆ ಕೂತರೆ ಎರಡೂ ತಪ್ಪುವುದಿಲ್ಲ.

ಬೊಲೊನ್ಯಾದಿಂದ ರವೆನ್ನಾಕ್ಕೆ ಒಂದು ದಿನ ಕೊಡಲೇಬೇಕು, ಅಲ್ಲಿನ ಮೊಸಾಯಿಕ್‌ಗಳಿಗಾಗಿ, ಅಂದರೆ ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರಗಳಿಗಾಗಿ. ರೋಮನ್ ರಾಣಿ ಗಾಲ್ಲಾ ಪ್ಲಾಚಿದಿಯಾಳ ಹೆಸರಿನ ಸಮಾಧಿಮಂದಿರಕ್ಕೆ ವೇಳೆ ಗೊತ್ತುಮಾಡಿಕೊಂಡೇ ಹೋಗಬೇಕು, ಒಳಗೆ ಬಿಡುವುದು ಸುಮಾರು ಐದು ನಿಮಿಷ. ಕಿಟಕಿಗೆ ಗಾಜಿಲ್ಲ, ತೆಳುವಾದ ಅಲಬಾಸ್ಟರ್ ಕಲ್ಲು. ಬಿಸಿಲಿನಿಂದ ನೇರ ಒಳಗೆ ಹೋದರೆ ಮೊದಲ ಎರಡು ನಿಮಿಷ ಕತ್ತಲೇ ಕಾಣುತ್ತದೆ. ಸಾಲಿನಲ್ಲಿ ನಿಂತಿರುವಾಗಲೇ ಕಣ್ಣು ಮುಚ್ಚಿ ಒಗ್ಗಿಸಿಕೊಳ್ಳಿ. ಆಮೇಲೆ ಕತ್ತೆತ್ತಿದರೆ ಕಡುನೀಲಿ ಚಾವಣಿಯಲ್ಲಿ ಚಿನ್ನದ ನಕ್ಷತ್ರಗಳು, ಹದಿನೈದು ಶತಮಾನ ದಾಟಿದರೂ ಬಣ್ಣ ಮಾಸಿಲ್ಲ. ಪಕ್ಕದ ಸಾನ್ ವಿತಾಲೆಯಲ್ಲಿ ಸಮಯದ ಕಡಿವಾಣವಿಲ್ಲ. 547ರಲ್ಲಿ ಪ್ರತಿಷ್ಠೆಯಾದ ಚರ್ಚು ಅದು. ಮೊಸಾಯಿಕ್‌ನಲ್ಲಿ ಸಾಮ್ರಾಟ ಜಸ್ಟಿನಿಯನ್ ಒಂದು ಗೋಡೆಯಲ್ಲಿ, ರಾಣಿ ಥಿಯೊಡೋರಾ ಎದುರು ಗೋಡೆಯಲ್ಲಿ, ಇಬ್ಬರೂ ಪರಿವಾರದೊಂದಿಗೆ. ಭುಜ, ಮಂಡಿ ಮುಚ್ಚುವ ಬಟ್ಟೆ ತೊಟ್ಟು ಹೋಗಿ.

ವಾಪಸಿಗೆ ಬೊಲೊನ್ಯಾದಿಂದ ರೋಮಿಗೆ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ವಿಮಾನದ ದಿನವೇ ಈ ರೈಲು ಹಿಡಿಯುವವರು ‘ಶೋಪೆರೊ’ ಅಂದರೆ ಮುಷ್ಕರದ ಪ್ರಕಟಣೆ ಇದೆಯೇ ಎಂದು ವಾರದ ಮೊದಲೇ ನೋಡಿ. ಮುಷ್ಕರ ಕೆಲಸದ ದಿನ ಬಿದ್ದರೆ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರ ನಡುವೆ ಲೋಕಲ್ ರೈಲುಗಳನ್ನು ಓಡಿಸಲೇಬೇಕೆಂಬ ನಿಯಮವಿದೆ. ಓಡುವ ದೂರದ ರೈಲುಗಳ ಪಟ್ಟಿಯೂ ಇರುತ್ತದೆ, ನಿಮ್ಮ ರೈಲು ಅದರಲ್ಲಿ ಇಲ್ಲದಿದ್ದರೆ ಹಿಂದಿನ ಸಂಜೆಯೇ ರೋಮ್ ಸೇರಿಕೊಳ್ಳಿ.