ಏಲಿಯನ್ ಏನು ತಿನ್ನುತ್ತದೆ ಅಂತ ಮೊದಲು ಹೇಳಿ

ನಮ್ಮಲ್ಲಿ ವಿಜ್ಞಾನ ಕಥೆ ಅಂದ್ರೆ ಯಾಕೆ ರಾಕೆಟ್ಟು, ರೋಬೋ, ಟೈಮ್ ಮೆಷಿನ್ನೇ ಜಾಸ್ತಿ? ಬರೆಯುವವರು ನೌಕೆಯ ವೇಗ, ಇಂಧನ ಎಲ್ಲಾ ಲೆಕ್ಕ ಹಾಕುತ್ತಾರೆ. ಅದರಿಂದ ಇಳಿಯುವ ಪ್ರಾಣಿಗೆ ಮಾತ್ರ ಆರು ಕೈ, ಹಸಿರು ಬಣ್ಣ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅದು ಏನು ತಿನ್ನುತ್ತದೆ? ಹಿಕ್ಕೆ ಎಲ್ಲಿ ಹಾಕುತ್ತದೆ? ಮೊಟ್ಟೆ ಇಡುತ್ತದಾ, ಮರಿ ಹಾಕುತ್ತದಾ? ಇದ್ಯಾವುದನ್ನೂ ಯೋಚಿಸದೆ ಬರೆದ ಏಲಿಯನ್ ಸುಮ್ನೆ ವೇಷ ಹಾಕಿದ ಮನುಷ್ಯ.

ನಾನು ಶಿಡ್ಲಘಟ್ಟದ ಕಡೆಯವನು. ರೇಷ್ಮೆ ಹುಳು ಸಾಕುವ ಮನೆಯಲ್ಲೇ ಬೆಳೆದವನು. ಅದಕ್ಕೇ ನನಗೆ ಈ ವಿಷಯದಲ್ಲಿ ತಕರಾರು ಸ್ವಲ್ಪ ಜಾಸ್ತಿ.

ರೇಷ್ಮೆ ಹುಳು ಮೊಟ್ಟೆಯಿಂದ ಬಂದ ಮೇಲೆ 25 ದಿನದ ಆಸುಪಾಸಿನಲ್ಲಿ ಸುಮಾರು 10,000 ಪಟ್ಟು ತೂಕ ಬೆಳೆಯುತ್ತದೆ. 3 ಕೆಜಿ ಮಗು 30 ಟನ್ ಆದ ಹಾಗೆ! ಚರ್ಮ ಸಾಲುವುದಿಲ್ಲ, ಹಾಗಾಗಿ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ (ಪೊರೆ ಕಳಚುವುದಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ), ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು, ಹಳೇ ಚರ್ಮ ಕಳಚುವವರೆಗೂ ಅಲ್ಲಾಡುವುದಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಮನೆಮಂದಿಗೆಲ್ಲಾ ಹಿಪ್ಪುನೇರಳೆ ಸೊಪ್ಪು ತರುವುದೇ ಕೆಲಸ. ಸಿನಿಮಾದ ರಾಕ್ಷಸ ಪ್ರಾಣಿ ಮಾತ್ರ ಬೆಳಗಾಗುವುದರೊಳಗೆ ಆನೆ ಗಾತ್ರ ಆಗಿರುತ್ತದೆ. ಅದಕ್ಕೆ ಸೊಪ್ಪು ಹಾಕಿದವರು ಯಾರು ಸ್ವಾಮಿ?

1979ರ ‘ಏಲಿಯನ್’ ಸಿನಿಮಾದಲ್ಲಿ ಮನುಷ್ಯನ ಎದೆ ಒಡೆದುಕೊಂಡು ಮರಿ ಹೊರಗೆ ಬರುತ್ತದೆ. ಜನ ಇವತ್ತಿಗೂ ಆ ದೃಶ್ಯದ ಬಗ್ಗೆ ಮಾತಾಡುತ್ತಾರೆ. ಮಾರನೇ ವರ್ಷವೇ, 1980ರಲ್ಲಿ, ಊಜಿ ನೊಣ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂತು. ಅದು ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಎರಡು ಮೂರು ದಿನದಲ್ಲಿ ಮರಿ ಒಡೆದು, ಚರ್ಮ ಕೊರೆದು ಒಳಗೆ ಹೋಗುತ್ತದೆ, ಅಲ್ಲಿ ಒಂದು ಕಪ್ಪು ಮಚ್ಚೆ ಉಳಿಯುತ್ತದೆ. ಒಳಗಿದ್ದುಕೊಂಡೇ ತಿಂದು ಬೆಳೆದು ಕೊನೆಗೆ ತೂತು ಮಾಡಿಕೊಂಡು ಹೊರಗೆ. ಗೂಡು ಕಟ್ಟಿದ ಮೇಲೆ ಹೀಗಾದರೆ ಆ ಗೂಡಿನಿಂದ ನೂಲು ಸರಿಯಾಗಿ ಬಿಚ್ಚಲು ಬರುವುದಿಲ್ಲ, ಮಾರ್ಕೆಟ್‌ನಲ್ಲಿ ರೇಟೂ ಸಿಗುವುದಿಲ್ಲ. ಸಿನಿಮಾದಲ್ಲಿ ಈ ಕಡೇ ಭಾಗ ಇಲ್ಲ ಬಿಡಿ.

ಇನ್ನೂ ಮಜಾ ಇದೆ. ಊಜಿಯ ಮರಿ ನೊಣ ಆಗುವ ಮುಂಚೆ ಸೇರಿಕೊಳ್ಳುವ ಕೋಶದೊಳಗೆ ಮೊಟ್ಟೆ ಇಡುವ ನೆಸೊಲಿಂಕ್ಸ್ ಅನ್ನುವ ಪುಟಾಣಿ ಕಣಜ ಒಂದಿದೆ. ಅದನ್ನು ಬೇಕಂತಲೇ ಸಾಕಿ ಹುಳು ಮನೆಯಲ್ಲಿ ಬಿಡುತ್ತಾರೆ. ಪರಾವಲಂಬಿಗೆ ಇನ್ನೊಂದು ಪರಾವಲಂಬಿ! ಎರಡನೇ ಭಾಗದ ಕಥೆ ರೆಡಿ, ಅಲ್ವಾ?

ಜೋಂಬಿ ಬೇಕಾ? ಹಾಲುತೊಂಡೆ ರೋಗ ನೋಡಿ. ವೈರಸ್ ತಗುಲಿದ ಹುಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಅಲೆಯಲು ಶುರು ಮಾಡುತ್ತದೆ, ಮೈ ಉಬ್ಬಿ, ಒಡೆದು, ಹಾಲಿನಂಥ ನೀರು ಸುರಿಸುತ್ತಾ ಹೋದಲ್ಲೆಲ್ಲಾ ರೋಗ ಹಂಚುತ್ತದೆ. ವೈರಸ್‌ನ ಒಂದು ಜೀನ್ ಕೆಲಸ ಮಾಡದ ಹಾಗೆ ಮಾಡಿದರೆ ಈ ಅಲೆದಾಟ ಕಾಣುವುದಿಲ್ಲ ಅಂತ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಆ ಜೀನನ್ನು ವೈರಸ್ ಬಹುಶಃ ಹಿಂದೆ ಯಾವುದೋ ಕಾಲದಲ್ಲಿ ಇಂಥ ಹುಳುವಿನಿಂದಲೇ ಕದ್ದಿದ್ದು. ಇಂಥದ್ದನ್ನು ನಾನು ಕಥೆಯಲ್ಲಿ ಬರೆದಿದ್ದರೆ ಜಾಸ್ತಿ ಆಯ್ತು ಅನ್ನುತ್ತಿದ್ದಿರಿ.

ಮಂಗಳದಿಂದ ದಂಡೆತ್ತಿ ಬಂದವರನ್ನು ಭೂಮಿಯ ಬ್ಯಾಕ್ಟೀರಿಯಾದಿಂದ ಕೊಲ್ಲಿಸಿದ ಎಚ್.ಜಿ. ವೆಲ್ಸ್ ಟಿ.ಎಚ್. ಹಕ್ಸ್ಲಿ ಹತ್ತಿರ ಜೀವಶಾಸ್ತ್ರ ಓದಿದ್ದವರು. ಆ ಪುಸ್ತಕ, ‘ದಿ ವಾರ್ ಆಫ್ ದಿ ವರ್ಲ್ಡ್ಸ್’, ಬಂದಿದ್ದು 1898ರಲ್ಲಿ. ಫಿರಂಗಿಗೆ ಬಗ್ಗದವರು ಕ್ರಿಮಿಗೆ ಬಿದ್ದರು. ಇದು ಹೊಳೆಯಬೇಕಾದರೆ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟಿರಬೇಕು.

2023ರಲ್ಲಿ ಚೀನಾದವರು ರೇಷ್ಮೆ ಹುಳುವಿಗೆ ಜೇಡದ ಜೀನ್ ಸೇರಿಸಿ ಗಟ್ಟಿ ನೂಲು ತೆಗೆದರು. ನನಗೆ ಓದಬೇಕು ಅನಿಸುವ ಕಥೆ ಇಲ್ಲಿದೆ. ಗೂಡಿನಿಂದ ಹೊರಬರುವ ನಮ್ಮ ರೇಷ್ಮೆ ಚಿಟ್ಟೆಗೆ ಹಾರಲು ಬರಲ್ಲ, ತಿನ್ನಲು ಬರಲ್ಲ, ಸಾವಿರಾರು ವರ್ಷ ಸಾಕಿ ಸಾಕಿ ಮನುಷ್ಯನಿಲ್ಲದೆ ಬದುಕದ ಹಾಗೆ ಮಾಡಿದ್ದೇವೆ. ಅದಕ್ಕೆ ಒಂದು ದಿನ ಮತ್ತೆ ಹಾರಲು ಬಂದರೆ? ಹೊಲದ ಹಿಪ್ಪುನೇರಳೆ ಯಾರದು ಆಗ?

ಬರೆಯುವ ಆಸೆ ಇರುವವರು ನಮ್ಮ ಮನೆಗೆ ಬನ್ನಿ, ಹುಳು ತೋರಿಸುತ್ತೇನೆ. ಸೊಳ್ಳೆ ಬತ್ತಿ ಹಚ್ಚಿದ ರೂಮಿನಿಂದ ನೇರವಾಗಿ ಮಾತ್ರ ಬರಬೇಡಿ, ಹುಳು ಸಾಯುತ್ತವೆ, ಅಮ್ಮ ನನ್ನನ್ನ ಸುಮ್ನೆ ಬಿಡಲ್ಲ.