ಮೂವತ್ತೇಳು, ಮೂವತ್ತೆಂಟು, ಉಳ್ಳಾಗಡ್ಡಿ

ಲೇಸ್ ಹೆಣೆಯುವವರ ಪಕ್ಕ ಕೂತು ಏನು ಬೇಕಾದರೂ ಮಾತಾಡಿ. ಸೊಸೆಯನ್ನು ಬೈಯಿರಿ, ಸೀರಿಯಲ್ ಕಥೆ ಹೇಳಿ. ಅಂಕಿ ಮಾತ್ರ ಹೇಳಬೇಡಿ, ನಿಮ್ಮ ದಮ್ಮಯ್ಯ.

ಶ್ರಾವಣದಲ್ಲಿ ಚಿಕ್ಕಮ್ಮನ ಮೊಮ್ಮಗಳ ಮದುವೆ. ಹುಡುಗಿಗೆ ಹಾಲುಬಣ್ಣದ ಉಲ್ಲನ್ನಿನಲ್ಲಿ ಒಂದು ಲೇಸ್ ಸ್ಟೋಲ್ ಹೆಣೆಯುತ್ತಿದ್ದೇನೆ. ಮುಂಬೈಯಲ್ಲಿ ಉಲ್ಲನ್ನಾ ಅಂತ ನಗಬೇಡಿ. ಇಲ್ಲಿನ ರಿಸೆಪ್ಷನ್ ಹಾಲುಗಳ ಏಸಿ ಕೆಳಗೆ ಮೂರು ಗಂಟೆ ನಿಂತು ನಗುವ ಮದುಮಗಳನ್ನು ನೋಡಿದವರಿಗೆ ಗೊತ್ತು.

ಹೆಣೆಯಲು ನನಗೆ ಸಿಗುವ ಸಮಯ ಒಂದೇ, ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಮ್‌ಟಿ ಸ್ಟೇಷನ್ನಿಗೆ ಹೋಗುವ ಲೋಕಲ್ ಟ್ರೇನು. ಲೇಡೀಸ್ ಡಬ್ಬ. ಮೂರು ಜನರ ಸೀಟಿನಲ್ಲಿ ನಾಲ್ವರು. ಉದ್ದನೆಯ ಕಡ್ಡಿ ಹಿಡಿದರೆ ಫೋರ್ಥ್ ಸೀಟಿನವಳ ಪಕ್ಕೆಗೆ ಚುಚ್ಚುತ್ತದೆ, ಅದಕ್ಕೇ ಮಧ್ಯೆ ವೈರ್ ಇರುವ ಸೂಜಿ. ಅಷ್ಟರಮಟ್ಟಿಗೆ ನಾನು ಸಭ್ಯಸ್ಥೆ.

ಎದುರಿಗೆ ವೈನಿ, ಅಂದರೆ ಅತ್ತಿಗೆ. ಧಾರವಾಡದವರು, ಇಡೀ ಡಬ್ಬಕ್ಕೇ ವೈನಿ. ಬಾಯಿ ತೆರೆದರೆ ಅಂಕಿ ಉದುರುತ್ತದೆ. ಚವಳಿಕಾಯಿ ಮುರಿಯುತ್ತಾ ಕೂರುತ್ತಾರೆ. ಅದರ ನಾರು ಹಾರಿ ಬಂದು ನನ್ನ ಲೇಸಿನ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಬೇಕಾದರೆ ಆಮೇಲೆ ಹೆಕ್ಕಬಹುದು. ಅಂಕಿಯನ್ನು ಹೆಕ್ಕುವುದು ಹೇಗೆ?

ಲೇಸ್ ಅಂದರೆ ಪೂರ್ತಿ ಲೆಕ್ಕದ ಕೆಲಸ. ಸೂಜಿಗೆ ದಾರ ಸುತ್ತಿದರೆ ಒಂದು ತೂತು, ಜೊತೆಗೆ ಒಂದು ಕುಣಿಕೆ ಜಾಸ್ತಿ. ಅದನ್ನು ಸರಿದೂಗಿಸಲು ಇನ್ನೆಲ್ಲೋ ಎರಡು ಕುಣಿಕೆ ಕೂಡಿಸಿ ಹೆಣೆಯಬೇಕು. ನನ್ನದು ಎಲೆ ಡಿಸೈನು, ಸಾಲಿಗೆ 85 ಕುಣಿಕೆ. ಒಂದು ತಪ್ಪಿದರೂ ಎಲೆ ಪಕ್ಕದ ಎಲೆಯ ಮೈಮೇಲೆ ಹತ್ತಿ ಕೂರುತ್ತದೆ.

ಇವತ್ತು ಬೆಳಿಗ್ಗೆ ದಿವಾ ಸ್ಟೇಷನ್ ದಾಟುವಾಗ ಸಾಲು ತಾಳೆ ನೋಡುತ್ತಿದ್ದೆ. ಮೂವತ್ತಾರು, ಮೂವತ್ತೇಳು, ಮೂವತ್ತೆಂಟು...

"ಉಳ್ಳಾಗಡ್ಡಿ ಕಿಲೋಕ್ಕ ನಲವತ್ತಾತ್ರೀ!"

...ನಲವತ್ತೊಂದು, ನಲವತ್ತೆರಡು. ಸಾಲಿನ ಕೊನೆಗೆ 87 ಬಂತು. ಎರಡು ಕುಣಿಕೆ ಎಲ್ಲಿಂದ ಬಂದವು ಅಂತ ಗಾಬರಿಯಾಗಿ ಇಡೀ ಸಾಲು ಬಿಚ್ಚಿದೆ. ಬಿಚ್ಚಿದ ಮೇಲೆ ಹೊಳೆಯಿತು, ಸಾಲು ಸರಿಯಾಗೇ ಇತ್ತು. ಹೆಚ್ಚಿಗೆ ಬಂದದ್ದು ಉಳ್ಳಾಗಡ್ಡಿಯದು.

"ಯಾಕ್ರೀ ಬಿಚ್ಚಿದ್ರಿ?"

"ಎಣಿಕೆ ತಪ್ತು ವೈನಿ."

"ನಾ ಹೇಳ್ತೀನಿ ತಗೋರಿ," ಅಂತ ಚವಳಿಕಾಯಿ ಕೆಳಗಿಟ್ಟು ಜೋರಾಗಿ ಎಣಿಸತೊಡಗಿದರು. ಹದಿನೇಳಕ್ಕೆ ಬರುವಾಗ ಕಿಟಕಿ ಪಕ್ಕದವಳು ಟೈಮ್ ಕೇಳಿದಳು. "ಎಂಟೂ ನಲವತ್ತೇಳು" ಅಂದರು. ನನ್ನ ಕಡೆ ತಿರುಗಿ, "ನಲವತ್ತೆಂಟು!"

ಸ್ಕಾಟ್ಲೆಂಡಿನ ಉತ್ತರಕ್ಕೆ ಶೆಟ್‌ಲೆಂಡ್ ದ್ವೀಪಗಳಿವೆ. ಅಲ್ಲಿನ ಹೆಂಗಸರು ಹೆಣೆಯುವ ಲೇಸ್ ಶಾಲು ಎಷ್ಟು ನಯ ಅಂದರೆ ಇಡೀ ಶಾಲನ್ನು ಮದುವೆ ಉಂಗುರದೊಳಗಿಂದ ಎಳೆಯಬಹುದು. ರಷ್ಯಾದ ಒರೆನ್‌ಬರ್ಗ್‌ನಲ್ಲೂ ಆಡಿನ ತುಪ್ಪಳದಲ್ಲಿ ಅಂಥದ್ದು ಮಾಡುತ್ತಾರೆ. ಅವರಿಗೇನು, ಎದುರಿಗೆ ವೈನಿ ಇರಲಿಲ್ಲ. ನನ್ನ ಉಂಗುರವಂತೂ ಬೆರಳಿನಿಂದಲೇ ಈಚೆ ಬರುವುದಿಲ್ಲ, ಪರೀಕ್ಷೆಯ ಮಾತು ದೂರ ಉಳಿಯಿತು.

ಠಾಣೆ ಹತ್ತಿರ ವೈನಿ ಸುಮ್ಮನಾದರು. ಸ್ಟೋಲಿನ ಅಂಚನ್ನು ಎರಡೇ ಬೆರಳಲ್ಲಿ ಹಿಡಿದು ನೋಡಿದರು. "ನಮ್ಮ ಮದವಿಗೆ ಏಳು ಲೆಮನ್ ಸೆಟ್ ಬಂದಿದ್ವು ನೋಡ್ರಿ. ಗ್ವಾಡಿ ಗಡಿಯಾರ ನಾಕು. ಹಿಂಗ ಕೈಲೇ ಮಾಡಿದ್ದು ಒಂದೂ ಇದ್ದಿದ್ದಿಲ್ಲ." ನಾನು ಸೂಜಿ ಮಡಿಲಲ್ಲಿಟ್ಟೆ. ನನ್ನ ಮದುವೆಗೆ ಅಮ್ಮ ಕ್ರೋಶಾದಲ್ಲಿ ಹಾಕಿಕೊಟ್ಟ ತೋರಣ ಮೂರನೇ ಮನೆ ಬದಲಾಯಿಸುವಾಗ ಎಲ್ಲಿ ಹೋಯಿತೋ. ಅವಳು ಹಾಕುವಾಗ ಪಕ್ಕದಲ್ಲಿ ಕೂತು ನಾನೂ ಏನೇನೋ ವಟಗುಟ್ಟುತ್ತಿದ್ದೆ. ಅವಳು ಬೈದದ್ದು ನೆನಪಿಲ್ಲ.

"ಅಲ್ರೀ, ಮುಲುಂಡದಾಗ ಟೊಮೆಟೊ ಇಪ್ಪತ್ತೆಂಟಂತ!" ವೈನಿ ಮರಳಿ ಬಂದರು.

ಇನ್ನು ಹೆಣೆದು ಮುಗಿದ ಮೇಲೆ ಲೇಸನ್ನು ನೆನೆಸಿ, ಎಳೆದು, ಗುಂಡುಪಿನ್ನು ಚುಚ್ಚಿ ಒಣಗಿಸಬೇಕು. ಆಗಲೇ ಎಲೆ ಬಿಚ್ಚಿಕೊಳ್ಳುವುದು, ಅಲ್ಲಿಯವರೆಗೆ ಅದು ಒರೆಸುವ ಬಟ್ಟೆ ಥರಾನೇ ಕಾಣುತ್ತದೆ. ಮುಂಬೈಯ ಆಷಾಢದಲ್ಲಿ ಕರ್ಚೀಫೇ ಒಣಗಲ್ಲ. ಒನ್ ಬಿಎಚ್‌ಕೆ ಮನೆಯಲ್ಲಿ ಅಷ್ಟು ಅಗಲದ ಜಾಗ ಅಂದರೆ ಮಂಚ ಒಂದೇ. ಅಷ್ಟು ದಿನ ಹಾಲ್‌ನಲ್ಲಿ ಮಲಗಬೇಕು ಅಂತ ಯಜಮಾನರಿಗೆ ಇನ್ನೂ ಹೇಳಿಲ್ಲ.

ಮಧ್ಯಾಹ್ನ ಹುಡುಗಿಯ ತಾಯಿಗೆ ಫೋಟೊ ಕಳಿಸಿದೆ. ಉತ್ತರ ಬಂತು: "ಸೂಪರ್ ಅಕ್ಕಾ! ಅವಳ ಹೊಸ ಫ್ರಿಜ್ ಮೇಲೆ ಹಾಕೋಕೆ ಚೆನ್ನಾಗಿರುತ್ತೆ. ಡಬಲ್ ಡೋರ್, ಸ್ವಲ್ಪ ಅಗಲ ಜಾಸ್ತಿ ಮಾಡ್ತೀಯಾ?"